ಅಧೂರಾ ಚರ್ಚಿನ ರಾಯರು

ರಾಯರು ತೀರಿಕೊಂಡ ಸುದ್ದಿಯನ್ನು ಪತ್ರಿಕೆಗೆ ಬರೆದುಕೊಟ್ಟವನು ನಾನೇ. ಎರಡನೇ ಪುಟದ ಕೆಳಗೆ, ಸಣ್ಣ ಭಾವಚಿತ್ರದೊಂದಿಗೆ, ಒಂದು ಕಾಲಂ. ಉಡುಪಿ ಮೂಲದವರು, ಡೊಂಬಿವಲಿ ನಿವಾಸಿ, ಆರ್ಕಿಟೆಕ್ಟ್, ಪತ್ನಿ ಮತ್ತು ಮಗಳನ್ನು ಅಗಲಿದ್ದಾರೆ. ಡೆಸ್ಕಿನಲ್ಲಿದ್ದ ಹುಡುಗಿ ಫೋನ್ ಮಾಡಿ, "ಸರ್, ಇವರು ಏನು ಕಟ್ಟಿದ್ದರು ಅಂತ ಒಂದು ಲೈನ್ ಸೇರಿಸೋಣವಾ?" ಎಂದಳು. ‘ಎಂಐಡಿಸಿಯ ಇಗರ್ಜಿಯ ವಿನ್ಯಾಸ ಇವರದು’ ಎಂದು ಸೇರಿಸಿದೆ. ಆ ಸಾಲಿನಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಓದಿದವರಿಗೆ ರಾಯರು ಗೊತ್ತಾಗುವುದಿಲ್ಲ.

ಹೆಸರು ಪತ್ರಿಕೆಯಲ್ಲಿ ಬಂದಾಗಿದೆ, ಇಲ್ಲಿ ಬೇಡ. ಅವರನ್ನು ಬಲ್ಲವರೆಲ್ಲ ರಾಯರು ಎಂದೇ ಕರೆಯುತ್ತಿದ್ದರು. ಅವರೂ ನಾನೂ ಮುಂಬೈ ಹೊರವಲಯದ ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ವಸತಿ ಭಾಗದಲ್ಲಿ ಒಂದೇ ಸೊಸೈಟಿಯಲ್ಲಿದ್ದೆವು. ಅವರು ಕೆಳಗಿನ ಮಹಡಿ, ನಾನು ಮೇಲಿನದು.

ಆ ಇಗರ್ಜಿ, ಅಂದರೆ ಚರ್ಚು, ಇರುವುದು ವಸತಿಯ ಸಾಲು ಮುಗಿದು ಕಾರ್ಖಾನೆಗಳು ಶುರುವಾಗುವ ಜಾಗದಲ್ಲಿ. ಗೋಪುರವಿಲ್ಲ, ಕಮಾನಿಲ್ಲ, ಬಣ್ಣದ ಗಾಜಿಲ್ಲ. ರಸ್ತೆಯ ಕಡೆಗೆ ಕಿಟಕಿಯೇ ಇಲ್ಲದ ಒಂದು ಎತ್ತರದ ಕಾಂಕ್ರೀಟ್ ಗೋಡೆ. ಅದರ ಹಿಂದೆ ಕಾಗದ ಮಡಿಸಿಟ್ಟಂತಹ ಸೂರು. ಗೋಡೆಗೂ ಸೂರಿಗೂ ನಡುವೆ ಬಿಟ್ಟ ಸೀಳಿನಿಂದ ಬೆಳಗಿನ ಬೆಳಕು ಒಳಗೆ ಇಳಿಯುತ್ತದೆ. ಪ್ಲಾಸ್ಟರ್ ಇಲ್ಲ. ಕಾಂಕ್ರೀಟು ಸುರಿಯಲು ಕಟ್ಟಿದ ಸೆಂಟ್ರಿಂಗ್ ಹಲಗೆಗಳ ಗೆರೆ, ಮರದ ಗಂಟು, ಮೊಳೆಯ ತಲೆ ಎಲ್ಲವೂ ಕಾಂಕ್ರೀಟಿನ ಮೇಲೆ ಅಚ್ಚೊತ್ತಿ ನಿಂತಿವೆ.

ಡೊಂಬಿವಲಿಯಲ್ಲಿ ಪ್ಲಾಸ್ಟರ್ ಇಲ್ಲದ ಕಟ್ಟಡ ಎಂದರೆ ಜನರಿಗೆ ಎರಡೇ ಅರ್ಥ. ಒಂದೋ ಬಿಲ್ಡರ್ ಓಡಿಹೋಗಿದ್ದಾನೆ, ಇಲ್ಲವೇ ಮುನಿಸಿಪಾಲಿಟಿಯ ನೋಟಿಸು ಬಂದಿದೆ. ಹಾಗಾಗಿ ರಿಕ್ಷಾದವರು ಮೊದಲ ದಿನದಿಂದಲೂ ಅದನ್ನು ‘ಅಧೂರಾ ಚರ್ಚ್’ ಎಂದರು, ಅರೆಬರೆ ಚರ್ಚು. ಸ್ಟೇಷನ್ನಿನ ಶೇರ್ ರಿಕ್ಷಾ ಸಾಲಿನಲ್ಲಿ ಇಂದಿಗೂ ಹಾಗೆ ಹೇಳಿದರೆ ಸಾಕು. ರಾಯರು ಮಾತ್ರ ಹಾಗೆ ಹೇಳುತ್ತಿರಲಿಲ್ಲ. ಮನೆಯ ದಾರಿಯ ಗುರುತಾಗಿ "ಎಂಐಡಿಸಿ ಚರ್ಚ್" ಎನ್ನುತ್ತಿದ್ದರು. ರಿಕ್ಷಾದವನು, "ಕೋಣ್ತಾ? ತೋ ಅಧೂರಾವಾಲಾ ಕಾ?" ಎನ್ನುತ್ತಿದ್ದ, ಯಾವುದು, ಆ ಅರೆಬರೆಯದಾ ಎಂದು. "ಪೂರಾ ಆಹೆ ತೋ!", ಅದು ಪೂರ್ತಿಯಾಗಿದೆ, ಎಂದು ಗದರಿ ಇವರು ಇಳಿದು ನಡೆದುಬಿಡುತ್ತಿದ್ದರು. ನಡಿಗೆ ಸ್ವಲ್ಪವಲ್ಲ. ನಾನು ಜೊತೆಗಿದ್ದಾಗ ನನಗೂ ಅದೇ ಶಿಕ್ಷೆ.

ಉಡುಪಿಯ ಬ್ರಾಹ್ಮಣರ ಮಗನಿಗೆ ಇಗರ್ಜಿಯ ಕೆಲಸ ಸಿಕ್ಕಿದ್ದು ಹೋಟೆಲಿನಲ್ಲಿ. ರಾಯರ ತಂದೆಯದು ಸ್ಟೇಷನ್ ಪೂರ್ವಕ್ಕೆ ಒಂದು ಸಸ್ಯಾಹಾರಿ ಹೋಟೆಲ್. ಆಗಿನ ಪಾದ್ರಿಗಳು ಮಂಗಳೂರು ಕಡೆಯವರು; ಬೆಳಿಗ್ಗೆ ಇಡ್ಲಿ ತಿನ್ನಲು ಬಂದು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕೂತು ತುಳುವಿನಲ್ಲಿ ಊರ ಸುದ್ದಿ ಮಾತಾಡುತ್ತಿದ್ದರು. ಮಗ ಆರ್ಕಿಟೆಕ್ಟ್ ಎಂದು ತಿಳಿದು ಒಂದು ದಿನ ಕೇಳಿದರಂತೆ, "ನಮ್ಮ ಜನ ಎಲ್ಲ ಶಿಫ್ಟಿನವರು. ಕೆಲಸದ ಬಟ್ಟೆಯಲ್ಲೇ ಬಂದು ಕೂತರೂ ನಾಚಿಕೆ ಆಗಬಾರದು. ಅಂಥ ಇಗರ್ಜಿ ಮಾಡಿಕೊಡ್ತೀಯಾ?" ರಾಯರು ಈ ಮಾತನ್ನು ನನಗೆ ಹಲವು ಸಲ ಹೇಳಿದ್ದಾರೆ. "ಅದಕ್ಕಿಂತ ಒಳ್ಳೆ ಬ್ರೀಫ್ ನನಗೆ ಯಾರೂ ಕೊಡಲಿಲ್ಲ ಮಾರಾಯ್ರೆ" ಎನ್ನುತ್ತಿದ್ದರು.

ಸೆಂಟ್ರಿಂಗಿನ ಹಲಗೆಗಳು ಬಂದದ್ದು ಕಾರ್ಖಾನೆಗಳಿಂದಲೇ. ಹೊಸ ಯಂತ್ರಗಳು ಬರುತ್ತಿದ್ದ ಮರದ ಪೆಟ್ಟಿಗೆಗಳನ್ನು ಅಲ್ಲಿ ಕೆಲಸಕ್ಕಿದ್ದ ಭಕ್ತರು ಕೇಳಿ ಪಡೆದು ಬಿಚ್ಚಿ ತಂದರು. ಹೆಚ್ಚು ತಂದವನು ಆ ಇಗರ್ಜಿಯ ಭಕ್ತೆ ಫಿಲೋಮಿನಾ ಬಾಯಿಯ ಗಂಡ. ಅವನು ಅಲ್ಲಿ ಫಿಟ್ಟರ್. ಅವನು ತಂದ ಒಂದು ಹಲಗೆಯಲ್ಲಿ, ಪೆಟ್ಟಿಗೆಯನ್ನು ತಲೆಕೆಳಗು ಮಾಡಬಾರದೆಂದು ಸುಟ್ಟು ಒತ್ತಿದ್ದ ಬಾಣದ ಗುರುತು ಇತ್ತು. ಬಡಗಿ ಅದನ್ನು ನೋಡದೆ ತಿರುಗಿಸಿ ಹೊಡೆದ. ಹಲಗೆ ಬಿಚ್ಚಿದಾಗ ಒಳಗೆ, ಬಲಿಪೀಠದ ಹಿಂದಿನ ಗೋಡೆಯಲ್ಲಿ, ಬಾಣವೊಂದು ಉಬ್ಬಿ ನಿಂತಿತ್ತು, ಮುಖ ಕೆಳಕ್ಕೆ. ರಾಯರಿಗೆ ಗಾಬರಿ. ಕೆತ್ತಿಸಿ ತೆಗೆಸುತ್ತೇನೆ ಎಂದರು. ಪಾದ್ರಿಗಳು ನೋಡಿ, "ಇರಲಿ ಬಿಡು. ನಮ್ಮ ಜನ ಕೂತದ್ದು ಕೆಳಗೇ ಅಲ್ವಾ" ಎಂದರಂತೆ. ಬಾಣ ಉಳಿಯಿತು.

ಉದ್ಘಾಟನೆಗೆ ರಾಯರ ತಂದೆ ಜರಿಯ ಶಾಲು ಹೊದ್ದು ಬಂದಿದ್ದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮಗನನ್ನು ಮರೆಗೆ ಕರೆದು, ತಗ್ಗಿದ ದನಿಯಲ್ಲಿ, "ಸಿಮೆಂಟು ಸಾಲದಿದ್ರೆ ನನಗೊಂದು ಮಾತು ಹೇಳುದಲ್ವಾ ಮಗಾ?" ಎಂದರು. ರಾಯರು ಈ ಕಥೆಯನ್ನು ಹೇಳುವಾಗ ನಗುತ್ತಿರಲಿಲ್ಲ. ಕೇಳುವವರು ನಗಲು ಸ್ವಲ್ಪ ಸಮಯ ಕೊಡುತ್ತಿದ್ದರು.

"ಪ್ಲಾಸ್ಟರ್ ಯಾವಾಗ?" ಎಂಬ ಪ್ರಶ್ನೆ ಅವರನ್ನು ಜೀವನವಿಡೀ ಹಿಂಬಾಲಿಸಿತು. ಕನ್ನಡ ಸಂಘದ ಸಭೆಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಲೋಕಲ್ ಟ್ರೈನಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಒಂದು ಸಲ ಹಾಗೆ ಕೇಳಿದವನು ನಾನು. ಅವರು ಮುಂದಿನ ಭಾನುವಾರ ನನ್ನನ್ನು ಟ್ರೈನು ಹತ್ತಿಸಿ ಅಂಬರನಾಥಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಹಳೆಯ ಶಿವ ದೇವಸ್ಥಾನದ ಕಪ್ಪು ಕಲ್ಲಿನ ಮುಂದೆ ನಿಲ್ಲಿಸಿದರು. ಜನ ಸಾಲಾಗಿ ಹೋಗಿ ಬರುತ್ತಿದ್ದರು.

"ನೋಡಿ. ಇಷ್ಟು ಜನರಲ್ಲಿ ಯಾರಾದ್ರೂ ಪ್ಲಾಸ್ಟರ್ ಯಾವಾಗ ಅಂತ ಕೇಳ್ತಾರಾ?"

"ಅದು ಕಲ್ಲು, ರಾಯರೇ."

"ಇದೂ ಕಲ್ಲೇ ಮಾರಾಯ್ರೆ. ನಾವು ಮಾಡಿದ ಕಲ್ಲು."

ಆರ್ಕಿಟೆಕ್ಚರ್ ಓದುವ ಮಕ್ಕಳು ಆಗಾಗ ಮುಂಬೈ ಕಡೆಯಿಂದ ಕ್ಯಾಮೆರಾ ಹಿಡಿದು ಬರುತ್ತಿದ್ದರು. ಬ್ರೂಟಲಿಸ್ಟ್ ಎನ್ನುತ್ತಿದ್ದರು. ಆ ಪದಕ್ಕೂ ಕ್ರೌರ್ಯಕ್ಕೂ ಸಂಬಂಧವಿಲ್ಲ, ಹಸಿ ಕಾಂಕ್ರೀಟು ಎನ್ನುವ ಫ್ರೆಂಚರ ಮಾತಿನಿಂದ ಬಂದದ್ದು ಎಂದು ರಾಯರು ವಿವರಿಸುತ್ತಿದ್ದರು. ಆಮೇಲೆ ಅವರನ್ನು ಮನೆಗೆ ಕರೆತಂದು ಕಾಫಿ ಕೊಡಿಸುತ್ತಿದ್ದರು. ಮನೆಯೊಳಗೆ ಬಂದ ಮಕ್ಕಳು ತಬ್ಬಿಬ್ಬಾಗುತ್ತಿದ್ದರು. ರಾಯರ ಮನೆಯ ಗೋಡೆಗಳು ತಿಳಿ ಗುಲಾಬಿ, ಸೂರಿಗೆ ಪಿಒಪಿಯ ಹೂಬಳ್ಳಿ.

"ಇದು ನನ್ನ ಪ್ರಾಜೆಕ್ಟಲ್ಲ" ಎನ್ನುತ್ತಿದ್ದರು ರಾಯರು.

ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬರುತ್ತಿತ್ತು: "ಇಗರ್ಜಿಯಲ್ಲಿ ದೇವರಿದ್ದಾನೆ, ಸಹಿಸಿಕೊಳ್ತಾನೆ. ಇಲ್ಲಿ ನಾನಿರುದು."

ಅವರಿಗೊಂದು ಅಭ್ಯಾಸವಿತ್ತು. ಗೋಡೆ ಕಂಡರೆ ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಮಗುವಿಗೆ ಜ್ವರ ಇದೆಯೇ ಎಂದು ನೋಡುವಂತೆ ಕೈಯ ಹಿಂಬದಿಯನ್ನು ಒತ್ತುತ್ತಿದ್ದರು. ಠಾಣೆ ನಗರದ ಕೋಪರಿಯಲ್ಲಿ ನನ್ನ ತಮ್ಮನ ಹೊಸ ಫ್ಲಾಟಿನ ಗೃಹಪ್ರವೇಶಕ್ಕೆ ಬಂದಾಗಲೂ ಹಾಗೇ ಮಾಡಿದರು. ತಮ್ಮ, "ಹೇಗಿದೆ ರಾಯರೇ?" ಎಂದ. "ಮಕ್ಕಳು ಮಲಗುದು ಯಾವ ರೂಮಲ್ಲಿ? ಇದರಲ್ಲಿ ಬೇಡ, ತೇವ ಉಂಟು" ಎಂದು ಹೇಳಿ ಊಟಕ್ಕೆ ಕೂತರು. ಮಳೆಗಾಲದಲ್ಲಿ ಆ ಗೋಡೆಗೆ ಬೂಷ್ಟು ಬಂತು.

ಹಬ್ಬದ ನೆಪದಲ್ಲಿ ಇಗರ್ಜಿಗೆ ಅವರು ಹೋಗುತ್ತಿದ್ದುದು ವರ್ಷಕ್ಕೊಮ್ಮೆ, ಕ್ರಿಸ್ಮಸ್ಸಿನ ಮರುದಿನ. ಅದಕ್ಕೆ ಮೊದಲು ಭಕ್ತರ ಹೆಂಗಸರೆಲ್ಲ ಸೇರಿ ಗೋಡೆ ತೊಳೆಯುವ ಪದ್ಧತಿ ಇತ್ತು. ಇತರ ಇಗರ್ಜಿಗಳಿಗೆ ಹಬ್ಬದ ಮುಂಚೆ ಬಣ್ಣ ಬಳಿಯುತ್ತಾರೆ. ಇಲ್ಲಿ ಬಣ್ಣ ಹಚ್ಚಬಾರದೆಂದು ರಾಯರು ಮೊದಲೇ ಹೇಳಿಬಿಟ್ಟಿದ್ದರು. ಒಬ್ಬರ ನಂತರ ಒಬ್ಬರು ಬಂದ ಪಾದ್ರಿಗಳೆಲ್ಲ ಅದನ್ನು ಪಾಲಿಸಿದರು. ತೊಳೆಯುವ ಕೆಲಸದ ಮುಂದಾಳು ಫಿಲೋಮಿನಾ ಬಾಯಿ. ಆಗಲೇ ವಿಧವೆ, ಗಟ್ಟಿ ಗಂಟಲು, ಇಗರ್ಜಿಯ ಹೂದಾನಿಯಿಂದ ಹಿಡಿದು ಚಪ್ಪಲಿ ಸ್ಟ್ಯಾಂಡಿನವರೆಗೆ ಎಲ್ಲದರ ಮೇಲೂ ಅಧಿಕಾರ. ರಾಯರು ಬಂದು ಗೋಡೆಗೆ ಕೈ ಒತ್ತಿ, "ಹೊಸದಾಗಿದೆ ಬಾಯಿ!" ಎನ್ನುತ್ತಿದ್ದರು. ಅವಳು ತಟ್ಟೆ ತುಂಬ ಕ್ರಿಸ್ಮಸ್ಸಿನ ತಿಂಡಿ ಕುಸ್ವಾರ್ ಕೊಡುತ್ತಿದ್ದಳು. ನೇವ್ರಿ, ಕಿಡಿಯೊ, ಅಕ್ಕಿಯ ಉಂಡೆ. "ಇದರಲ್ಲಿ ಮೊಟ್ಟೆ ಉಂಟಾ?" ಎಂದು ರಾಯರು, "ತಿಂದ ಮೇಲೆ ಕೇಳಿ" ಎಂದು ಬಾಯಿ. ಪ್ರತಿ ವರ್ಷ ಇದೇ ಮಾತು.

ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ, ಬಲಿಪೂಜೆ ಮುಗಿಸಿ ಜನ ಹೊರಬರುತ್ತಿದ್ದಾಗ ಬಾಗಿಲ ಪಕ್ಕದ ಕಂಬದಿಂದ ತೆಂಗಿನಕಾಯಿ ಗಾತ್ರದ ಚೂರು ಕಳಚಿ ಬಿತ್ತು. ಯಾರಿಗೂ ಗಾಯವಾಗಲಿಲ್ಲ. ಕಂಬಕ್ಕೆ ಒರಗಿಸಿ ನಿಲ್ಲಿಸಿದ್ದ ಡೆನಿಸನ ಸ್ಕೂಟರಿನ ಫುಟ್‌ಬೋರ್ಡ್ ಮುರಿಯಿತು. ಡೆನಿಸ್ ಚರ್ಚ್ ಕಮಿಟಿಯ ಕಾರ್ಯದರ್ಶಿ, ಇಲ್ಲೇ ಹುಟ್ಟಿದ ಹುಡುಗ. ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ. ಚೂರು ಬಿದ್ದ ಜಾಗದಲ್ಲಿ ತುಕ್ಕು ಹಿಡಿದು ಉಬ್ಬಿದ ಸರಳು ಕಾಣುತ್ತಿತ್ತು.

ಸುದ್ದಿ ತಿಳಿದು ನಾನು ಹೋದೆ. ಕಾರ್ಖಾನೆಗಳ ಹೊಗೆಯಿಂದ ಹೀಗಾಗಿದೆ ಎಂದು ಅಲ್ಲಿದ್ದವರೆಲ್ಲ ಹೇಳಿದರು. ನನಗೂ ಹಾಗೇ ಅನಿಸಿತು. ವರದಿಯ ತಲೆಬರಹವೂ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಡೆನಿಸನಿಗೆ ಬೇರೆ ಯೋಚನೆ ಇತ್ತು. ಇದನ್ನು ಕೆಡವಿ, ಟೈಲ್ಸ್ ಹಾಕಿದ, ಗೋಪುರವಿರುವ ಹೊಸ ಇಗರ್ಜಿ ಕಟ್ಟಬೇಕು ಎನ್ನುವ ಗುಂಪು ಕಮಿಟಿಯಲ್ಲಿ ಮೊದಲೇ ಇತ್ತು. ಅವನು ಅದರ ಮುಂದಾಳು.

ಮರುದಿನ ರಾಯರು ಒಂದು ಸಣ್ಣ ಸುತ್ತಿಗೆ, ಒಂದು ಸೀಮೆಸುಣ್ಣ ಹಿಡಿದು ಬಂದರು. ಗೋಡೆಯ ಉದ್ದಕ್ಕೂ ಬಡಿಯುತ್ತಾ ಹೋದರು. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಒಳಗೆ ಟೊಳ್ಳು. ಟೊಳ್ಳು ಕೇಳಿದಲ್ಲೆಲ್ಲ ಒಂದು ವೃತ್ತ ಎಳೆದರು. ಮೇಲಿನ ಭಾಗಕ್ಕೆ ಏಣಿ ಇಡಿಸಿ ಕೆಲಸದವನಿಂದ ಬಡಿಸಿದರು. ಆಮೇಲೆ ರಸ್ತೆ ದಾಟಿ ಹೋಗಿ ಆಚೆ ನಿಂತು ನೋಡಿದರು. ನಾನೂ ಪಕ್ಕದಲ್ಲಿ ನಿಂತೆ. ಬಿಳಿಯ ವೃತ್ತಗಳೆಲ್ಲ ಗೋಡೆಯ ಕೆಳಭಾಗದಲ್ಲೇ ಇದ್ದವು. ಒಬ್ಬ ಹೆಂಗಸು ಸ್ಟೂಲಿನ ಮೇಲೆ ನಿಂತು ಕೈ ಚಾಚಿದರೆ ಎಷ್ಟು ಎಟಕುತ್ತದೋ ಅಷ್ಟು ಎತ್ತರಕ್ಕೆ. ಅದರ ಮೇಲೆ ಒಂದೂ ಇಲ್ಲ.

"ಹೊಗೆ ಸ್ಟೂಲ್ ಹತ್ತಿ ಬರುದಿಲ್ಲ ಮಾರಾಯ್ರೆ" ಎಂದರು ರಾಯರು.

ಫಿಲೋಮಿನಾ ಬಾಯಿ ಮೆಟ್ಟಿಲ ಮೇಲೆ ನಿಂತಿದ್ದಳು. ರಾಯರು ಅವಳ ಬಳಿ ಹೋಗಿ ಕೇಳಿದರು, "ಬಾಯಿ, ಕ್ರಿಸ್ಮಸ್ಸಿಗೆ ಗೋಡೆ ತೊಳೆಯುದು ಯಾವುದರಲ್ಲಿ?"

"ಯಾವುದರಲ್ಲಿ ಅಂದ್ರೆ? ಆಸಿಡ್. ಬಾತ್‌ರೂಮಿಗೆ ಹಾಕ್ತೇವಲ್ಲ, ಅದೇ. ನೀರು ಬೆರೆಸಿ, ಕಡ್ಡಿ ಪೊರಕೆಯಲ್ಲಿ ಉಜ್ಜುದು." ಅವಳು ಮುಂದುವರಿಸಿದಳು, "ನೀವು ಬಣ್ಣ ಬೇಡ ಅಂದ್ರಿ. ಬಣ್ಣ ಇಲ್ಲದಿದ್ರೆ ಬೇಡ, ಕೊಳಕು ಇರಬಾರದಲ್ಲ ರಾಯರೇ? ಜನ ಏನಂತಾರೆ?"

"ಒಳಗೂ?"

"ಇಲ್ಲಪ್ಪ. ಒಳಗೆ ಹಾಕಿದ್ರೆ ಪೂಜೆ ಹೊತ್ತಿಗೆ ವಾಸನೆ. ಒಳಗೆ ಬರೀ ನೀರು." ಆಮೇಲೆ ಅವಳ ಕಣ್ಣು ಗೋಡೆಯ ಬಿಳಿಯ ವೃತ್ತಗಳ ಮೇಲೆ ಹೋಯಿತು. ಒಂದೊಂದಾಗಿ ಅವನ್ನು ನೋಡಿದಳು. "ಯೇ ದೇವಾ" ಎಂದಳು. ಆ ಹಲಗೆಗಳನ್ನು ಹೊತ್ತು ತಂದವನು ಅವಳ ಗಂಡ ಎನ್ನುವುದು ನಮ್ಮ ಮೂವರಿಗೂ ಗೊತ್ತಿತ್ತು.

ಆಸಿಡ್ಡು ಮೊದಲು ಸಿಮೆಂಟಿನ ಮೇಲ್ಪದರ ತಿನ್ನುತ್ತದೆ, ಉಳಿದದ್ದು ಒಳಗಿಳಿದು ಸರಳಿಗೆ ತುಕ್ಕು ಹಿಡಿಸುತ್ತದೆ, ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ ಎಂದು ರಾಯರು ದಾರಿಯಲ್ಲಿ ನನಗೆ ವಿವರಿಸಿದರು. ಮನೆಯ ಗೇಟಿನ ಹತ್ತಿರ ನಿಂತು, "ಕಾರಣ ಬರೀರಿ. ಹೆಸರು ಬೇಡ" ಎಂದರು. ನಾನು ಹಾಗೇ ಬರೆದೆ. ಸುದ್ದಿಗೆ ಹೆಸರಿನ ಅಗತ್ಯವೂ ಇರಲಿಲ್ಲ.

ಕಮಿಟಿಯ ಸಭೆ ಇಗರ್ಜಿಯ ಒಳಗೇ ನಡೆಯಿತು. ಪರೀಕ್ಷೆ ಮಾಡಿದ ಇಂಜಿನಿಯರ್ ರಾಯರು ಹೇಳಿದ್ದನ್ನೇ ಹೇಳಿದರು: ಆಸಿಡ್. ಹಿಂದಿನ ಬೆಂಚುಗಳಲ್ಲಿ ಹೆಂಗಸರ ಗುಂಪು ಕೂತಿತ್ತು. ಡೆನಿಸ್ ಎದ್ದು, "ಕಿಸ್ನೆ ಡಾಲಾ ಆಸಿಡ್? ಯೇ ತೋ ಪತಾ ಚಲ್ನಾ ಚಾಹಿಯೇ" ಎಂದ. ಯಾರು ಹಾಕಿದರು, ಅದು ಗೊತ್ತಾಗಲೇಬೇಕು. ಹಾಕಿದವರು ಯಾರೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಇಗರ್ಜಿಯ ಹೆಂಗಸರೇ ಅದನ್ನು ಹಾಳುಮಾಡಿದರೆಂದು ಸಭೆಯಲ್ಲಿ ದಾಖಲಾದರೆ, ಅದನ್ನು ಉಳಿಸಿ ಎಂದು ಹೇಳುವವರು ಯಾರೂ ಅಲ್ಲಿ ಉಳಿಯುತ್ತಿರಲಿಲ್ಲ. ಕೆಡವಬಾರದೆಂದು ಗಟ್ಟಿಯಾಗಿ ಹೇಳುತ್ತಿದ್ದವರು ಆ ಹೆಂಗಸರೇ.

ಫಿಲೋಮಿನಾ ಬಾಯಿ ಎದ್ದಳು. ಅವಳು ಮಾತು ಶುರು ಮಾಡುವ ಮೊದಲೇ ರಾಯರು, "ಅದು ನನ್ನಿಂದ ಆದದ್ದು" ಎಂದರು.

"ಸುಳ್ಳು ಹೇಳಬೇಡಿ ರಾಯರೇ" ಎಂದಳು ಬಾಯಿ, ಪೂರ್ತಿ ದನಿಯಲ್ಲಿ. "ಇಗರ್ಜಿಯ ಒಳಗಿದ್ದೀರಿ."

ಕೆಲವರು ನಕ್ಕರು. ರಾಯರೂ ಸ್ವಲ್ಪ ನಕ್ಕರು. ಆಮೇಲೆ ಪಾದ್ರಿಗಳ ಕಡೆ ತಿರುಗಿ ಹೇಳಿದರು, "ಸುಳ್ಳಲ್ಲ ಫಾದರ್. ಪ್ರತಿ ವರ್ಷ ಬಂದು, ಗೋಡೆ ಮುಟ್ಟಿ, ಹೊಸದಾಗಿದೆ ಅಂತ ಹೊಗಳಿ, ಕುಸ್ವಾರ್ ತಿಂದು ಹೋದವ ನಾನು. ಬರೀ ನೀರಿಗೆ ಕಾಂಕ್ರೀಟು ಹಾಗೆ ಬೆಳ್ಳಗಾಗುದಿಲ್ಲ. ಅದು ಇವರಿಗೆ ಗೊತ್ತಿರಬೇಕು ಅಂತಿಲ್ಲ, ನನಗೆ ಗೊತ್ತಿರಬೇಕಿತ್ತು. ನನ್ನ ಕಟ್ಟಡ ಚಂದ ಕಂಡಿತು, ನಾನು ಕೇಳಲಿಲ್ಲ. ಬಣ್ಣ ಬೇಡ ಅಂತ ಹೇಳಿದವ, ಬದಲಿಗೆ ಏನು ಮಾಡಬೇಕು ಅಂತಲೂ ಹೇಳಬೇಕಿತ್ತು. ಹೇಳಲಿಲ್ಲ."

ಫಿಲೋಮಿನಾ ಬಾಯಿ ನಿಂತೇ ಇದ್ದಳು. ಪಾದ್ರಿಗಳು ಕೂರಲು ಸನ್ನೆ ಮಾಡಿದರು. ಕೂತಳು.

"ಈಗ ಏನು ಮಾಡಬೇಕು?" ಎಂದು ಪಾದ್ರಿಗಳು ಕೇಳಿದರು.

ಟೊಳ್ಳಾದದ್ದನ್ನು ಕೆತ್ತಿ, ಸರಳು ಉಜ್ಜಿ, ಹೊಸ ಪದರ ಕಟ್ಟಬೇಕು ಎಂದರು ರಾಯರು. ಅಷ್ಟು ಮಾಡಿದರೂ ಹೊರಗಿನ ಮೈಗೆ ಇನ್ನು ರಕ್ಷಣೆ ಇಲ್ಲ. ಮೇಲಿನಿಂದ ಕೆಳಗಿನವರೆಗೆ ದಪ್ಪದ ಲೇಪನ ಬೇಕೇ ಬೇಕು. ಹಲಗೆಯ ಗೆರೆ ಮುಚ್ಚಿಹೋಗುತ್ತದೆ. ಆದರೆ ಕಟ್ಟಡ ಇನ್ನೊಂದು ತಲೆಮಾರಿಗೆ ಬರುತ್ತದೆ, ಕೆಡವುವ ಕಾರಣ ಇಲ್ಲ. ಮಾತಿನ ಕೊನೆಗೆ, "ಬಣ್ಣ ಹೊಡೆಸಿ" ಎಂದರು.

ಡೆನಿಸ್ ಅವರನ್ನೇ ನೋಡಿದ. "ಅಂಕಲ್, ಆಪ್ ಬೋಲ್ ರಹೇ ಹೋ ಯೇ?"

"ನಾನೇ ಹೇಳುದು. ಯಾವ ಕಲರ್ ಅಂತ ಮಾತ್ರ ನನ್ನ ಹತ್ರ ಕೇಳಬೇಡಿ."

ಆಸಿಡ್ ಹಾಕಿದ್ದು ಯಾರೆಂಬ ಪ್ರಶ್ನೆ ಅಲ್ಲಿಗೆ ನಿಂತಿತು, ಕೆಡವುವ ಮಾತೂ ನಿಂತಿತು. ಇಷ್ಟು ವರ್ಷ ಬಣ್ಣಕ್ಕೆ ಅಡ್ಡ ನಿಂತ ಮನುಷ್ಯನೇ ಒಪ್ಪಿದ ಮೇಲೆ ಹೊಸ ಇಗರ್ಜಿಯ ಗುಂಪಿಗೆ ವಾದಿಸಲು ಹೆಚ್ಚೇನೂ ಉಳಿಯಲಿಲ್ಲ. ಹೊರಗೋಡೆಗೆ ಕೆನೆಬಣ್ಣ ಬಂತು. ಒಳಗಿನ ಗೋಡೆಗಳು ಹಾಗೆಯೇ ಉಳಿದವು, ಪೀಠದ ಹಿಂದಿನ ಬಾಣವೂ. ಕೆಲಸ ಮುಗಿದ ದಿನ ರಾಯರು ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆ ರಸ್ತೆಯಾಚೆ ನಿಂತು ನೋಡಿ, "ಈಗ ಒಂದು ಮನೆಯ ಹಾಗೆ ಕಾಣ್ತದೆ" ಎಂದರು. "ಅದೇ ಹೆದರಿಕೆ ಇದ್ದದ್ದು" ಎಂದರು ರಾಯರು.

ರಿಕ್ಷಾದವರು ಹೆಸರು ಬದಲಿಸಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಬಣ್ಣ ಹೊಡೆದ ಕಟ್ಟಡವನ್ನು ಇಂದಿಗೂ ಅಧೂರಾ ಚರ್ಚ್ ಎನ್ನುತ್ತಾರೆ. ಬಣ್ಣ ಬಂದ ಮೇಲೆ ಒಂದು ದಿನ ನಾವು ಸ್ಟೇಷನ್ನಿನಿಂದ ಒಟ್ಟಿಗೆ ಹೊರಟಾಗ ರಾಯರು ರಿಕ್ಷಾ ಹತ್ತಿ, ಏನೂ ಆಗಿಲ್ಲವೆಂಬಂತೆ, "ಅಧೂರಾ ಚರ್ಚ್" ಎಂದರು. ನಾನು ಅವರ ಮುಖ ನೋಡಿದೆ. "ಎಂತ ನೋಡುದು? ಮೊಣಕಾಲು ನೋವು" ಎಂದರು.

ಆ ವರ್ಷದಿಂದ ಅವರು ಕ್ರಿಸ್ಮಸ್ಸಿನ ಮರುದಿನ ಹೋಗುವುದನ್ನು ಬಿಟ್ಟರು. ಹೆಂಗಸರು ಒಳಗೋಡೆ ತೊಳೆಯುವ ದಿನವೇ ಹೋಗಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಬಾಯಿ ಬಕೆಟ್ ತಂದು ಅವರ ಮುಂದೆ ಇಡುತ್ತಿದ್ದಳು. "ಯಾವುದರಲ್ಲಿ?" ಎಂದು ಅವರು ಕೇಳಬೇಕು, "ನೀರು, ತೆಂಗಿನ ನಾರು" ಎಂದು ಅವಳು ಹೇಳಬೇಕು. ಬಕೆಟ್ಟಿಗೆ ಬೆರಳು ಅದ್ದಿ ನೋಡಿ ಅವರು ತಲೆಯಾಡಿಸಿದ ಮೇಲೆ ಕೆಲಸ ಶುರು. ಕೊನೆಯ ವರ್ಷ ಅವರಿಗೆ ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ. ಬಾಯಿ ಮನೆಗೇ ಬಂದಿದ್ದಳು. ಆ ಗುಲಾಬಿ ಗೋಡೆಯ ಕೋಣೆಯಲ್ಲಿ ಕೂತು ಅದೇ ಪ್ರಶ್ನೆ ಕೇಳಿಸಿಕೊಂಡು, ಅದೇ ಉತ್ತರ ಹೇಳಿ ಹೋದಳು.

ಅವರು ತೀರಿಕೊಂಡದ್ದು ಮಳೆಗಾಲದಲ್ಲಿ. ಡಿಸೆಂಬರಿನಲ್ಲಿ, ಹೆಂಗಸರು ತೊಳೆಯುವ ದಿನ ನಾನು ಇಗರ್ಜಿಗೆ ಹೋದೆ. ಅಂಥ ಕೆಲಸವೇನೂ ಇರಲಿಲ್ಲ. ಬಕೆಟ್ಟುಗಳು ತುಂಬಿದ್ದವು, ಹೆಂಗಸರು ಸೆರಗು ಸಿಕ್ಕಿಸಿ ಸುಮ್ಮನೆ ನಿಂತಿದ್ದರು. ಯಾರೂ ಶುರು ಮಾಡಿರಲಿಲ್ಲ. ಫಿಲೋಮಿನಾ ಬಾಯಿ ನನ್ನನ್ನು ನೋಡಿದವಳೇ ಒಂದು ಬಕೆಟ್ ತಂದು ನನ್ನ ಕಾಲ ಬಳಿ ಇಟ್ಟಳು.

"ಕೇಳಿ" ಎಂದಳು.

"ನಾನಾ? ನನಗೆ ಇದರ ಗಂಧಗಾಳಿ ಇಲ್ಲ ಬಾಯಿ."

"ಗೊತ್ತಿರುದು ಬೇಡ. ಪೇಪರಿನವರಲ್ವಾ? ಕೇಳುದು ಬರ್ತದಲ್ಲ, ಅಷ್ಟು ಸಾಕು."

ಯಾವುದರಲ್ಲಿ ತೊಳೆಯುತ್ತೀರಿ ಎಂದು ಕೇಳಿದೆ.

"ನೀರು, ತೆಂಗಿನ ನಾರು" ಎಂದಳು ಬಾಯಿ. ನಾನು ಬೆರಳು ಅದ್ದುವವರೆಗೆ ಕಾದಳು. ಆಮೇಲೆ ಹೆಂಗಸರ ಕಡೆ ತಿರುಗಿ ಕೈ ಬೀಸಿದಳು. ಅವರು ಬಾಣವಿರುವ ಗೋಡೆಯಿಂದ ಶುರು ಮಾಡಿದರು.